ಕರೆಂಟ್ ಕುಕ್ಕರಿನಲ್ಲಿ ಕಿನೋವಾ: ಹದವೆಲ್ಲ ನೀರಿನ ಅಳತೆಯಲ್ಲಿ

ಅನ್ನಕ್ಕೆಂದೇ ಇಟ್ಟುಕೊಂಡ ಕುಕ್ಕರಿಗೆ ಕಿನೋವಾ ಎಂಬ ಸಣ್ಣ ಕಾಳನ್ನು ಹಾಕಿದಾಗ ಏನು ಕೆಡುತ್ತದೆ, ಯಾಕೆ ಕೆಡುತ್ತದೆ ಎಂದು ಕೇಳಿರುವ ಪ್ರಶ್ನೆಗಳಲ್ಲಿ ಕೆಲವಕ್ಕೆ ಈ ಸಲದ ಉತ್ತರ.

ಪ್ರಶ್ನೆ: ಪ್ಯಾಕೆಟ್ಟಿನ ಮೇಲೆ ಒಂದಕ್ಕೆ ಎರಡು ನೀರು ಎಂದು ಬರೆದಿದೆ. ಒಲೆಯ ಮೇಲೆ ಇಟ್ಟರೆ ಚೆನ್ನಾಗಿಯೇ ಬರುತ್ತದೆ, ಕರೆಂಟ್ ಕುಕ್ಕರಿನಲ್ಲಿ ಮಾತ್ರ ಗಂಜಿಯಂತೆ ಮುದ್ದೆಯಾಗುತ್ತದೆ. ಎಷ್ಟು ನಿಮಿಷಕ್ಕೆ ಆಫ್ ಮಾಡಬೇಕು? (ಮೈಸೂರು)

ಉತ್ತರ: ನಿಮಿಷ ಎಣಿಸಬೇಡಿ, ನೀರು ಕಡಿಮೆ ಮಾಡಿ. ಗುಂಡಿ ಒತ್ತುವ ಸಾಮಾನ್ಯ ಕುಕ್ಕರಿಗೆ ಹೊತ್ತಿನ ಲೆಕ್ಕವೇ ತಿಳಿಯದು. ಒಳಪಾತ್ರೆಯ ತಳಕ್ಕೆ ತಾಗುವಂತೆ ನಡುವೆ ಒಂದು ಸ್ಪ್ರಿಂಗ್ ಬಿಲ್ಲೆ ಇರುತ್ತದಲ್ಲ, ಅದರೊಳಗೆ ಕಾಂತ ಇದೆ. ಪಾತ್ರೆಯಲ್ಲಿ ನೀರು ಇರುವಷ್ಟು ಹೊತ್ತೂ ತಳದ ಶಾಖ ಸುಮಾರು 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ನೀರೆಲ್ಲ ಕಾಳಿನೊಳಗೆ ಹೋಗಿ, ಉಳಿದದ್ದು ಹಬೆಯಾಗಿ ಹೋದ ಕೂಡಲೇ ಶಾಖ ಮೇಲೇರುತ್ತದೆ. ನೂರನ್ನು ಸ್ವಲ್ಪ ದಾಟಿದೊಡನೆ ಕಾಂತದ ಹಿಡಿತ ಸಡಿಲಗೊಂಡು, ಗುಂಡಿ ಟಕ್ ಎಂದು ‘ವಾರ್ಮ್’ಗೆ ಹಾರುತ್ತದೆ. ಅಂದರೆ ನೀವು ಹಾಕಿದ ನೀರೆಲ್ಲ ಮುಗಿಯುವವರೆಗೂ ಅದು ಬೇಯಿಸುತ್ತಲೇ ಇರುತ್ತದೆ. ನೀರು ಹೆಚ್ಚಾದರೆ ಕಿನೋವಾ ಬೆಂದ ಮೇಲೂ ಅದೇ ನೀರಿನಲ್ಲಿ ಕುದಿದು ಒಡೆಯುತ್ತದೆ.

ಒಲೆಯ ಮೇಲಿನ ಪಾತ್ರೆಯಲ್ಲಿ ಮುಚ್ಚಳದ ಸಂದಿಯಿಂದ ಬೇಕಾದಷ್ಟು ಹಬೆ ಹೋಗುತ್ತದೆ. ಪ್ಯಾಕೆಟ್ಟಿನ ಒಂದಕ್ಕೆ ಎರಡರ ಲೆಕ್ಕ ಆ ನಷ್ಟವನ್ನೂ ಸೇರಿಸಿ ಹೇಳಿದ್ದು. ಕರೆಂಟ್ ಕುಕ್ಕರಿನ ಮುಚ್ಚಳ ಅಷ್ಟು ಹಬೆ ಬಿಡುವುದಿಲ್ಲ.

ಬಿಳಿ ಕಿನೋವಾಕ್ಕೆ ಒಂದಕ್ಕೆ ಒಂದೂ ಮುಕ್ಕಾಲು ಸಾಕು. ಕುಕ್ಕರಿನ ಜೊತೆ ಬರುವ 180 ಮಿ.ಲೀ. ಕಪ್ಪಿನಲ್ಲಿ ಅಳೆದರೆ ಒಂದು ಕಪ್ ಕಾಳು ಸುಮಾರು 130 ಗ್ರಾಂ ತೂಗುತ್ತದೆ. ಅದಕ್ಕೆ 315 ಮಿ.ಲೀ. ನೀರು. ಕಾಳು ಹೆಚ್ಚಾದಂತೆ ನೀರನ್ನು ಅದೇ ಲೆಕ್ಕದಲ್ಲಿ ಏರಿಸಬೇಡಿ, ಏಕೆಂದರೆ ಹಬೆಯಾಗಿ ಹೋಗುವ ನೀರು ಎರಡರಷ್ಟಾಗುವುದಿಲ್ಲ. ಎರಡು ಕಪ್ಪಿಗೆ ಮೂರೂ ಕಾಲು, ಮೂರು ಕಪ್ಪಿಗೆ ನಾಲ್ಕೂ ಮುಕ್ಕಾಲು ಹಾಕಿ. ಕೆಂಪು ಮತ್ತು ಕಪ್ಪು ಕಿನೋವಾದ ಸಿಪ್ಪೆ ಗಟ್ಟಿ, ಅವಕ್ಕೆ ಒಂದಕ್ಕೆ ಎರಡು ಬೇಕು. ಒಳಪಾತ್ರೆಯ ಗೋಡೆಯ ಮೇಲಿರುವ ಗೆರೆಗಳು ಅಕ್ಕಿಗಾಗಿ ಹಾಕಿದ್ದು, ಅವನ್ನು ನಂಬಬೇಡಿ.

ಇಷ್ಟು ಸರಿಯಾಗಿ ಅಳೆದರೂ ಮೆತ್ತಗಾಗುತ್ತದೆ ಎನ್ನುವವರು ಇನ್ನೊಂದು ಕಡೆ ನೋಡಬೇಕು: ತೊಳೆದ ಕಾಳಿಗೆ ಅಂಟಿಕೊಂಡಿರುವ ನೀರು. ಕಾಳು ಚಿಕ್ಕದಾದಷ್ಟೂ ಅದರ ನಡುನಡುವೆ ನೀರು ಹೆಚ್ಚು ನಿಲ್ಲುತ್ತದೆ. ಅನ್ನಕ್ಕೆ ಮಾಡಿದಂತೆ ಪಾತ್ರೆ ಬಗ್ಗಿಸಿ ಬಸಿದರೆ ಸಾಲದು, ಜರಡಿಯಲ್ಲಿ ಐದು ನಿಮಿಷ ಬಿಟ್ಟು ಎರಡು ಸಲ ಕೊಡವಬೇಕು. ಅಡುಗೆ ತಕ್ಕಡಿ ಇದ್ದರೆ ಒಂದೇ ಒಂದು ಸಲ ಹೀಗೆ ಮಾಡಿ ನೋಡಿ: ತೊಳೆಯುವ ಮೊದಲು 130 ಗ್ರಾಂ ತೂಗಿ, ತೊಳೆದು ಬಸಿದ ಮೇಲೆ ಮತ್ತೆ ತೂಗಿ. ಹೆಚ್ಚಾದ ಒಂದೊಂದು ಗ್ರಾಮಿಗೂ ಒಂದು ಮಿ.ಲೀ. ನೀರು ಕಳೆಯಿರಿ. ನಿಮ್ಮ ಜರಡಿ, ನಿಮ್ಮ ಕೈ, ನಿಮ್ಮ ಕುಕ್ಕರ್, ಈ ಮೂರಕ್ಕೂ ಹೊಂದುವ ಅಳತೆ ಅಂದೇ ಸಿಗುತ್ತದೆ. ಅದನ್ನು ಕಪ್ಪಿನ ಮೇಲೆ ಗುರುತು ಹಾಕಿಟ್ಟುಕೊಳ್ಳಿ.

ಕ್ರಮ ಇಷ್ಟೇ. ಬಸಿದ ಕಾಳು, ನೀರು, ಕಪ್ಪಿಗೆ ಕಾಲು ಚಮಚ ಉಪ್ಪು, ಒಂದು ಚಮಚ ಎಣ್ಣೆ ಅಥವಾ ತುಪ್ಪ ಹಾಕಿ ಒಮ್ಮೆ ಕಲಕಿ. ಒಳಪಾತ್ರೆಯ ಹೊರತಳವನ್ನು ಒಣಬಟ್ಟೆಯಿಂದ ಒರೆಸಿ ಇಟ್ಟು ಗುಂಡಿ ಒತ್ತಿ. ಒಂದು ಕಪ್ಪಿಗೆ ಹದಿನೈದರಿಂದ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಗುಂಡಿ ಹಾರಿದ ಮೇಲೆ ಹತ್ತು ನಿಮಿಷ ಮುಚ್ಚಳ ತೆಗೆಯಬೇಡಿ. ತಳದಲ್ಲಿ ಒಣಗಿ, ಮೇಲೆ ಒದ್ದೆಯಾಗಿರುವ ಕಾಳು ಸಮನಾಗುವುದು ಈ ಹತ್ತು ನಿಮಿಷದಲ್ಲೇ. ಮುಚ್ಚಳ ತೆಗೆಯುವಾಗ ಪಕ್ಕಕ್ಕೆ ಸರಿಸಿ ಎತ್ತಿ, ಅದರಡಿ ಕೂತ ನೀರು ಕಿನೋವಾದ ಮೇಲೆ ಸುರಿಯಬಾರದು. ಆಮೇಲೆ ಮರದ ಸೌಟಿನ ಅಂಚಿನಿಂದ ಕೆಳಗಿನದನ್ನು ಮೇಲಕ್ಕೆ ತಿರುವಿ ಎರಡು ನಿಮಿಷ ಹಬೆ ಹೋಗಲು ಬಿಡಿ. ಕಾಳಿನ ನಡುಭಾಗ ಗಾಜಿನಂತೆ ತಿಳಿಯಾಗಿ, ಸುತ್ತಲಿನ ಬಿಳಿ ಉಂಗುರ ಬಾಲದಂತೆ ಬಿಚ್ಚಿಕೊಂಡಿದ್ದರೆ ಬೆಂದಿದೆ. ಹುಳುವೆಂದು ಹೆದರುವವರೂ ಇದ್ದಾರೆ. ಅದು ಕಾಳಿನ ಮೊಳಕೆಯ ಭಾಗ. ನಡುವೆ ಬಿಳಿ ಚುಕ್ಕೆ ಉಳಿದಿದ್ದರೆ ಇನ್ನೂ ಬೇಯಬೇಕು. ಒಂದು ಕಪ್ ಕಾಳು ಬೆಂದು ಸುಮಾರು ಮೂರು ಕಪ್ಪಾಗುತ್ತದೆ.

ಬೆಂಗಳೂರು, ಮಡಿಕೇರಿಯಂಥ ಎತ್ತರದ ಊರಿನಲ್ಲಿ ನೀರು 96–97 ಡಿಗ್ರಿಗೇ ಕುದಿಯುತ್ತದೆ. ಅದಕ್ಕೆಂದು ನೀರು ಹೆಚ್ಚಿಸಬೇಕಿಲ್ಲ, ಮುಚ್ಚಿಡುವ ಹತ್ತು ನಿಮಿಷವನ್ನು ಹದಿನೈದು ಮಾಡಿದರೆ ಸಾಕು.

ಪ್ರಶ್ನೆ: ಕುದಿ ಬರುತ್ತಲೇ ನೊರೆ ಉಕ್ಕಿ ಮುಚ್ಚಳದ ತೂತಿನಿಂದ ಕಟ್ಟೆಯೆಲ್ಲ ಹರಿಯುತ್ತದೆ. ತಿಂದರೆ ಕೊನೆಗೆ ಕಹಿ. ಪ್ಯಾಕೆಟ್ಟಿನಲ್ಲಿ ‘ತೊಳೆದಿದೆ’ ಎಂದೇ ಬರೆದಿದೆಯಲ್ಲ? (ಶಿವಮೊಗ್ಗ)

ಉತ್ತರ: ನೊರೆ, ಕಹಿ ಎರಡಕ್ಕೂ ಮೂಲ ಒಂದೇ, ಸಪೋನಿನ್. ಅಂಟುವಾಳ, ಸೀಗೆಕಾಯಿ ನೊರೆ ಬಿಡುವುದೂ ಇದೇ ಜಾತಿಯ ವಸ್ತುವಿನಿಂದ. ಕಿನೋವಾ ಗಿಡ ಹಕ್ಕಿ, ಹುಳಗಳಿಂದ ಕಾಳನ್ನು ಕಾಪಾಡಿಕೊಳ್ಳಲು ಸಿಪ್ಪೆಯ ಮೇಲೆ ಇದನ್ನು ಲೇಪಿಸಿಕೊಂಡಿರುತ್ತದೆ. ಕಾರ್ಖಾನೆಯಲ್ಲಿ ಸಿಪ್ಪೆ ಉಜ್ಜಿ ತೆಗೆದಿರುತ್ತಾರೆ, ಆದರೆ ಚೀಲದಲ್ಲಿ ಉಳಿದ ಪುಡಿ ಕಾಳಿಗೆ ಮತ್ತೆ ಅಂಟಿಕೊಂಡಿರುತ್ತದೆ. ಹಾಗಾಗಿ ‘ತೊಳೆದಿದೆ’ ಎಂದು ಬರೆದಿದ್ದರೂ ಮನೆಯಲ್ಲಿ ಒಮ್ಮೆ ತೊಳೆಯುವುದೇ ಸರಿ.

ತೊಳೆಯುವುದೆಂದರೆ ನೀರು ಹಾಕಿ ಚೆಲ್ಲುವುದಲ್ಲ. ದೊಡ್ಡ ಬೋಗುಣಿಯಲ್ಲಿ ಕಾಳು ಮುಳುಗಿ ಮೇಲೆ ನಾಲ್ಕು ಬೆರಳು ನೀರಿರಲಿ. ಎರಡು ಅಂಗೈ ನಡುವೆ ಅರ್ಧ ನಿಮಿಷ ಉಜ್ಜಿ, ಬಸಿದು, ಹೊಸ ನೀರು ಹಾಕಿ. ಮೂರು ನಾಲ್ಕು ಸಲ ಹೀಗೆ ಮಾಡಿದ ಮೇಲೆ ಉಜ್ಜಿದಾಗ ಎದ್ದ ಗುಳ್ಳೆ ಕೂಡಲೇ ಒಡೆದರೆ ಸಾಕು. ಅನುಮಾನವಿದ್ದರೆ ಏಳೆಂಟು ಹಸಿ ಕಾಳು ಬಾಯಿಗೆ ಹಾಕಿ ಅಗಿದು ಉಗುಳಿ, ಕಹಿ ಇದ್ದರೆ ನಾಲಿಗೆ ಹೇಳುತ್ತದೆ. ಅಕ್ಕಿ ತೊಳೆಯುವ ತೂತಿನ ಪಾತ್ರೆಯಲ್ಲಿ ಎರಡು ಮಿಲಿಮೀಟರಿನ ಈ ಕಾಳು ನಿಲ್ಲುವುದಿಲ್ಲ. ಹಿಟ್ಟು ಸಾಣಿಸುವ ಸಣ್ಣ ಕಣ್ಣಿನ ಜರಡಿ ಅಥವಾ ತೆಳುವಾದ ಪಂಚೆ ಬಟ್ಟೆ ಬೇಕು.

ಇನ್ನು ಉಕ್ಕುವುದು. ಕಾಳು ಮತ್ತು ನೀರು ಸೇರಿ ಒಳಪಾತ್ರೆಯ ಅರ್ಧ ದಾಟಬಾರದು. ಒಂದು ಚಮಚ ಎಣ್ಣೆ ನೊರೆಯ ಗುಳ್ಳೆಯನ್ನು ಒಡೆಯುತ್ತದೆ, ಅದನ್ನು ಬಿಡಬೇಡಿ. ಉಕ್ಕುತ್ತದೆಂದು ಪದೇಪದೇ ಮುಚ್ಚಳ ತೆಗೆದರೆ ಹಬೆ ಹೋಗಿ ನೀರಿನ ಲೆಕ್ಕ ತಪ್ಪುತ್ತದೆ. ಉಕ್ಕಿ ಹರಿದ ದಿನ, ಕುಕ್ಕರ್ ಆರಿದ ಮೇಲೆ ಪ್ಲಗ್ ತೆಗೆದು ತೂತು, ಮುಚ್ಚಳದ ಅಂಚು, ಒಳಗಿನ ಕಾಯುವ ತಟ್ಟೆ ಎಲ್ಲವನ್ನೂ ಒರೆಸಿ.

ಬೆಂದ ಮೇಲೆ ಕಹಿ ಗೊತ್ತಾದರೆ ತೊಳೆದು ತೆಗೆಯಲಾಗದು. ಹುಳಿ ಅದನ್ನು ಮರೆಸುತ್ತದೆ. ಪುಳಿಯೋಗರೆ ಗೊಜ್ಜು ಕಲಸಿ ಅಥವಾ ನಿಂಬೆಹುಳಿ ಒಗ್ಗರಣೆ ಹಾಕಿ. ಹಾಲು ಬೆಲ್ಲದ ಪಾಯಸಕ್ಕೆ ಮಾತ್ರ ಬಳಸಬೇಡಿ, ಸಿಹಿಯ ಪಕ್ಕದಲ್ಲಿ ಕಹಿ ಇನ್ನೂ ಎದ್ದು ಕಾಣುತ್ತದೆ.

ಪ್ರಶ್ನೆ: ಒಬ್ಬಳಿಗೇ ಅಡುಗೆ. ಅರ್ಧ ಕಪ್ ಇಟ್ಟರೆ ಐದಾರು ನಿಮಿಷಕ್ಕೇ ಗುಂಡಿ ಹಾರುತ್ತದೆ, ಕಾಳು ಗಟ್ಟಿ. ಗುಂಡಿಯನ್ನು ಚಮಚ ಸಿಕ್ಕಿಸಿ ಹಿಡಿಸಬಹುದೇ? (ಹುಬ್ಬಳ್ಳಿ)

ಉತ್ತರ: ಖಂಡಿತ ಬೇಡ. ಒಣಗಿದ ಪಾತ್ರೆ ಅತಿಯಾಗಿ ಕಾಯದಂತೆ ತಡೆಯುವುದೇ ಆ ಗುಂಡಿ. ಅದನ್ನು ಕಟ್ಟಿಹಾಕಿದರೆ ಕಾಳು ಸೀದು, ನಾನ್‌ಸ್ಟಿಕ್ ಲೇಪ ಹಾಳಾಗಿ, ವೈರು ಸುಡುವವರೆಗೂ ಹೋಗಬಹುದು.

ದೊಡ್ಡ ಪಾತ್ರೆಯಲ್ಲಿ ಅರ್ಧ ಕಪ್ ಕಾಳು ತೆಳ್ಳಗೆ ಹರಡುತ್ತದೆ, ನೀರು ಬೇಗ ಆರುತ್ತದೆ. 1.8 ಲೀಟರಿನ ಕುಕ್ಕರಿನಲ್ಲಿ ಕನಿಷ್ಠ ಒಂದು ಕಪ್ ಇಡಿ, ಉಳಿದದ್ದನ್ನು ಫ್ರಿಜ್ಜಿನಲ್ಲಿಡಿ. ಆಗಲೂ ಬೇಗ ಹಾರಿದರೆ ಪಾತ್ರೆ ಎತ್ತಿ ನೋಡಿ: ನಡುವಿನ ಬಿಲ್ಲೆಯ ಮೇಲೆ ಒಂದು ಕಾಳು ಕೂತಿದ್ದರೂ, ಸುಟ್ಟ ಗಂಜಿಯ ಪೊರೆ ಇದ್ದರೂ ಪಾತ್ರೆ ಸರಿಯಾಗಿ ಕೂರುವುದಿಲ್ಲ, ಶಾಖದ ಲೆಕ್ಕ ತಪ್ಪುತ್ತದೆ. ಅದೇ ಪಾತ್ರೆಯಲ್ಲಿ ಒಗ್ಗರಣೆ ಹಾಕಿದ ಕೂಡಲೇ ಗುಂಡಿ ಹಾರುವುದೂ ತಳ ನೂರು ಡಿಗ್ರಿ ದಾಟಿದ್ದರಿಂದ. ಒಗ್ಗರಣೆಯನ್ನು ಬೇರೆ ಸೌಟಿನಲ್ಲಿ ಮಾಡಿ ಹಾಕಿ.

ಇವತ್ತು ಗಟ್ಟಿಯಾಗಿ ಉಳಿದದ್ದಕ್ಕೆ ಉಪಾಯ: ನಾಲ್ಕು ದೊಡ್ಡ ಚಮಚ ಕುದಿನೀರು ಚಿಮುಕಿಸಿ, ಮುಚ್ಚಿ, ಹತ್ತು ನಿಮಿಷ ಬಿಟ್ಟು ಮತ್ತೆ ಗುಂಡಿ ಒತ್ತಿ. ಬಿಲ್ಲೆ ತಣಿಯದೆ ಗುಂಡಿ ಹಿಡಿಯುವುದಿಲ್ಲ.

ಪ್ರಶ್ನೆ: ನಮ್ಮದು ಕಂಪ್ಯೂಟರ್ ಚಿಪ್ ಇರುವ ಜಪಾನಿ ಕುಕ್ಕರ್. ಯಾವ ಬಟನ್ ಒತ್ತಬೇಕು? ಇದರಲ್ಲೇ ಕಿನೋವಾ ಬಿಸಿಬೇಳೆಬಾತ್ ಮಾಡಿದರೆ ತೊಗರಿಬೇಳೆ ಬೇಯುವುದೇ ಇಲ್ಲ. (ನ್ಯೂಜೆರ್ಸಿ)

ಉತ್ತರ: ಬಿಳಿ ಕಿನೋವಾಕ್ಕೆ ‘ವೈಟ್ ರೈಸ್’, ಕೆಂಪು, ಕಪ್ಪು ಕಿನೋವಾಕ್ಕೆ ‘ಬ್ರೌನ್ ರೈಸ್’. ಇಂಥ ಕುಕ್ಕರುಗಳಲ್ಲಿ ಬಹಳಷ್ಟು ಮೊದಲು ಕಾಳನ್ನು ಉಗುರುಬೆಚ್ಚಗೆ ನೆನೆಸಿ ಆಮೇಲೆ ಕುದಿಸುತ್ತವೆ, ಹಾಗಾಗಿ ಮುಕ್ಕಾಲು ಗಂಟೆ ಹಿಡಿದರೆ ಗಾಬರಿಯಾಗಬೇಡಿ. ನೀವು ಬೇರೆಯಾಗಿ ನೆನೆಸಬೇಡಿ.

ಅಮೆರಿಕದಲ್ಲಿರುವವರು ಕಪ್ಪಿನ ಬಗ್ಗೆ ಎಚ್ಚರವಾಗಿರಬೇಕು. ಅಲ್ಲಿನ ಅಡುಗೆ ಕಪ್ 240 ಮಿ.ಲೀ., ಕುಕ್ಕರಿನ ಕಪ್ 180. ಕಾಳನ್ನು ಕುಕ್ಕರಿನ ಕಪ್ಪಿನಲ್ಲೂ ನೀರನ್ನು ಅಡುಗೆ ಕಪ್ಪಿನಲ್ಲೂ ಅಳೆದರೆ ಒಂದೂ ಮುಕ್ಕಾಲು ಎಂದುಕೊಂಡದ್ದು 420 ಮಿ.ಲೀ. ಆಗಿ, ಒಂದಕ್ಕೆ ಎರಡೂ ಕಾಲನ್ನೂ ದಾಟುತ್ತದೆ. ಎರಡನ್ನೂ ಒಂದೇ ಕಪ್ಪಿನಲ್ಲಿ ಅಳೆಯಿರಿ.

ಬಿಸಿಬೇಳೆಬಾತಿನ ವಿಷಯಕ್ಕೆ ಬಂದರೆ, ಈ ಕುಕ್ಕರಿನಲ್ಲಿ ಸೀಟಿ ಕುಕ್ಕರಿನ ಒತ್ತಡ ಇಲ್ಲ. ಕಿನೋವಾ ಬೇಯುವ ಇಪ್ಪತ್ತು ನಿಮಿಷಕ್ಕೆ ತೊಗರಿಬೇಳೆ ಕರಗುವುದಿಲ್ಲ, ಹುಣಸೆರಸ ಸೇರಿದ ಮೇಲಂತೂ ಇನ್ನಷ್ಟು ಗಟ್ಟಿಯಾಗುತ್ತದೆ. ಬೇಳೆಯನ್ನು ಸೀಟಿ ಕುಕ್ಕರಿನಲ್ಲಿ ಅರಿಶಿನ, ಎಣ್ಣೆ ಹಾಕಿ ಮೆತ್ತಗೆ ಬೇಯಿಸಿ. ಕಿನೋವಾ ಕರೆಂಟ್ ಕುಕ್ಕರಿನಲ್ಲಿ ಬೇರೆಯಾಗಿ ಬೇಯಲಿ. ಹುರುಳಿಕಾಯಿ, ಗಜ್ಜರಿ, ಬಟಾಣಿ ಅದರ ಮೇಲಿನ ಹಬೆತಟ್ಟೆಯಲ್ಲಿ ಬೆಂದುಕೊಳ್ಳುತ್ತವೆ. ಆಮೇಲೆ ಎಲ್ಲವನ್ನೂ ಹುಣಸೆರಸ, ಬಿಸಿಬೇಳೆಬಾತ್ ಪುಡಿ, ಉಪ್ಪು, ಬೆಲ್ಲದೊಂದಿಗೆ ದಪ್ಪ ಪಾತ್ರೆಯಲ್ಲಿ ಹತ್ತು ನಿಮಿಷ ಕುದಿಸಿ. ಕಿನೋವಾ ಅಕ್ಕಿಯಂತೆ ಅರಳಿ ಕರಗುವುದಿಲ್ಲ, ಗಟ್ಟಿತನ ಬೇಳೆಯಿಂದಲೇ ಬರಬೇಕು. ಅದಕ್ಕಾಗಿ ಒಂದು ಕಪ್ ಕಿನೋವಾಕ್ಕೆ ಒಂದು ಕಪ್ ತುಂಬ ಬೇಳೆ ಹಾಕಿ, ನೀರು ಕಡಿಮೆ ಇಡಿ. ಪೊಂಗಲ್ಲಿಗೆ ಈ ತೊಂದರೆ ಇಲ್ಲ, ಹುರಿದ ಹೆಸರುಬೇಳೆ ಕಿನೋವಾದ ಜೊತೆಗೇ ಬೇಯುತ್ತದೆ. ಅರ್ಧರ್ಧ ಕಪ್ ಎರಡೂ, ಮೂರೂವರೆ ಕಪ್ ನೀರು.

ಪ್ರಶ್ನೆ: ಅನ್ನದ ಜೊತೆಗೇ ಸ್ವಲ್ಪ ಸೇರಿಸಿ ಇಡಬಹುದೇ? ಮನೆಯಲ್ಲಿ ಕುಚ್ಚಲಕ್ಕಿ. (ಮಂಗಳೂರು)

ಉತ್ತರ: ಕುಚ್ಚಲಕ್ಕಿ ಬೇಯುವ ಹೊತ್ತಿಗೆ ಕಿನೋವಾ ಕರಗಿ ಗಂಜಿಯಾಗಿರುತ್ತದೆ, ಬೇಡ. ಸೋನಾಮಸೂರಿಯಂಥ ಬೆಳ್ತಿಗೆ ಅಕ್ಕಿಯಾದರೆ ಆಗುತ್ತದೆ, ಎರಡೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬೇಯುತ್ತವೆ. ಒಂದೂವರೆ ಕಪ್ ಅಕ್ಕಿ, ಅರ್ಧ ಕಪ್ ಕಿನೋವಾ, ನಾಲ್ಕು ಕಪ್ ನೀರು. ಹೊಸ ಅಕ್ಕಿಯಾದರೆ ಕಾಲು ಕಪ್ ತಗ್ಗಿಸಿ.

ಪ್ರಶ್ನೆ: ಕಿನೋವಾ ಸಿರಿಧಾನ್ಯವೇ? ಸಕ್ಕರೆ ಕಾಯಿಲೆಯವರು ಬೇಕಾದಷ್ಟು ತಿನ್ನಬಹುದೇ? (ತುಮಕೂರು)

ಉತ್ತರ: ಅಲ್ಲ. ನವಣೆ, ಸಾಮೆ, ಊದಲು ಹುಲ್ಲಿನ ಜಾತಿಯವು. ಕಿನೋವಾ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಸೀಮೆಯ ಬೆಳೆ, ಪೆರು ಮತ್ತು ಬೊಲಿವಿಯ ಅದರ ಮುಖ್ಯ ನೆಲ. ನಮ್ಮ ದಂಟು, ಪಾಲಕ್, ಚಕ್ಕೋತ ಸೊಪ್ಪಿನ ಕುಟುಂಬಕ್ಕೆ ಸೇರಿದ ಗಿಡದ ಬೀಜ ಅದು. ವಿಶ್ವಸಂಸ್ಥೆ 2013ನ್ನು ಕಿನೋವಾ ವರ್ಷವೆಂದೂ 2023ನ್ನು ಸಿರಿಧಾನ್ಯ ವರ್ಷವೆಂದೂ ಬೇರೆಬೇರೆಯಾಗಿಯೇ ಆಚರಿಸಿತು. ನವಣೆಗೆ ಹೆಚ್ಚು ನೀರು, ಹೆಚ್ಚು ನೆನೆಯುವಿಕೆ ಬೇಕು, ಅದರ ಅಳತೆಯನ್ನು ಇದಕ್ಕೆ ಹಾಕಬೇಡಿ.

ಬೆಂದ ಕಿನೋವಾ 100 ಗ್ರಾಮಿನಲ್ಲಿ ಪ್ರೋಟೀನ್ ಸುಮಾರು 4.4 ಗ್ರಾಂ, ಕಾರ್ಬೋಹೈಡ್ರೇಟ್ 21 ಗ್ರಾಂ. ಅಷ್ಟೇ ತೂಕದ ಬಿಳಿ ಅನ್ನದಲ್ಲಿ ಪ್ರೋಟೀನ್ 2.7, ಕಾರ್ಬೋಹೈಡ್ರೇಟ್ 28. ವ್ಯತ್ಯಾಸ ಇದೆ, ಆದರೆ ತಟ್ಟೆ ತುಂಬ ತಿನ್ನುವಷ್ಟಲ್ಲ. ಮನೆಯಲ್ಲಿ ನವಣೆ, ಸಾಮೆ ರೂಢಿಯಾಗಿದ್ದರೆ ದುಬಾರಿ ಕಿನೋವಾಕ್ಕಾಗಿ ಅವನ್ನು ಬಿಡಬೇಕಾದ ಕಾರಣ ಕಾಣುವುದಿಲ್ಲ.

ಪ್ರಶ್ನೆ: ಬೆಳಿಗ್ಗೆ ಮಾಡಿ ರಾತ್ರಿಯವರೆಗೂ ‘ವಾರ್ಮ್’ನಲ್ಲೇ ಇಡಬಹುದೇ? (ಬೆಂಗಳೂರು)

ಉತ್ತರ: ಎರಡು ಗಂಟೆ ಸಾಕು. ಆಮೇಲೆ ತಳ ಒಣಗಿ ಗಟ್ಟಿಯಾಗುತ್ತದೆ, ವಾಸನೆ ಕೆಡುತ್ತದೆ. ಪ್ಲಗ್ ತೆಗೆದು ಹಾಗೇ ಮುಚ್ಚಿಡುವುದು ಇನ್ನೂ ಕೆಟ್ಟದ್ದು. ಬೇಯಿಸಿದ ಧಾನ್ಯದಲ್ಲಿ ಕುದಿಗೂ ಸಾಯದ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಗಳು ಉಳಿದಿರಬಹುದು. ಉಗುರುಬೆಚ್ಚಗಿನ ಶಾಖದಲ್ಲಿ ಅವು ಬೆಳೆದು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಅಗಲವಾದ ತಟ್ಟೆಯಲ್ಲಿ ಹರಡಿ ಆರಿಸಿ, ಗಂಟೆಯೊಳಗೆ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ, ಮೂರು ದಿನದೊಳಗೆ ಮುಗಿಸಿ. ಬಿಸಿ ಮಾಡುವಾಗ ಕಪ್ಪಿಗೆ ಒಂದು ದೊಡ್ಡ ಚಮಚ ನೀರು ಚಿಮುಕಿಸಿ ಮುಚ್ಚಿ. ಮೊಸರನ್ನಕ್ಕಾದರೆ ಬಿಸಿಯಿರುವಾಗಲೇ ಸ್ವಲ್ಪ ಹಾಲು ಹಾಕಿ ಸೌಟಿನ ಹಿಂಬದಿಯಿಂದ ಅರೆಬರೆ ಹಿಸುಕಿ, ಆರಿದ ಮೇಲೆ ಮೊಸರು ಕಲಸಿ. ಹಿಸುಕದೆ ಕಲಸಿದರೆ ಕಾಳು ಒಂದು ಕಡೆ, ಮೊಸರು ಒಂದು ಕಡೆ ನಿಲ್ಲುತ್ತದೆ.