ಐರ್ಲೆಂಡಿನ ಹಳ್ಳಿ ಹಿರಿಯರ ಮಾತನ್ನು 1930ರ ದಶಕದಲ್ಲೇ ರೆಕಾರ್ಡ್ ಮಾಡಿದ್ದರಂತೆ. ಆ ದನಿಗಳು ಈಗ ಯಾಕೆ ಜಾಸ್ತಿ ಸಿಗುವುದಿಲ್ಲ?

ರೆಕಾರ್ಡ್ ಮಾಡಿದವರೇ ಹೆಚ್ಚಿನದನ್ನು ಅಳಿಸಿಬಿಟ್ಟರು, ಅದಕ್ಕೆ. ಹಿರಿಯರ ಮಾತನ್ನು ತಪ್ಪಿಲ್ಲದೆ ಬರೆದುಕೊಳ್ಳಬೇಕು ಅನ್ನುವುದೇ ಆಗ ಅವರ ಮುಖ್ಯ ಉದ್ದೇಶವಾಗಿತ್ತು.

1935ರಲ್ಲಿ ಶುರುವಾದ ಐರಿಷ್ ಜಾನಪದ ಆಯೋಗದ ಸಂಗ್ರಾಹಕರು ಎಡಿಫೋನ್ ಎಂಬ ಭಾರದ ಯಂತ್ರ ತಗೊಂಡು ಹಳ್ಳಿ ಮನೆಗಳಿಗೆ ಹೋಗುತ್ತಿದ್ದರು. ಅಜ್ಜ ಕೊಳವೆಯೊಳಗೆ ಮಾತಾಡಿದರೆ, ತಿರುಗುವ ಮೇಣದ ಸಿಲಿಂಡರ್ ಮೇಲೆ ಸೂಜಿ ಗೆರೆ ಕೊರೆಯುತ್ತಿತ್ತು. ಒಂದು ಸಿಲಿಂಡರಿಗೆ ಕೆಲವೇ ನಿಮಿಷದ ಮಾತು. ಕಥೆ ಉದ್ದವಾದರೆ ನಡುವೆ ನಿಲ್ಲಿಸಿ ಬೇರೆಯದನ್ನು ಹಾಕಬೇಕು. ಆಮೇಲೆ ಸಂಗ್ರಾಹಕರು ಅದನ್ನು ಮತ್ತೆಮತ್ತೆ ಕೇಳಿ, ಆಡಿದ ಹಾಗೇ ಪದಪದವಾಗಿ ಬರೆದಿಡುತ್ತಿದ್ದರು.

ಬರೆದಾದ ಮೇಲೆ ಮೇಣದ ಮೇಲ್ಪದರ ಹೆರೆದು ನುಣುಪು ಮಾಡಿದರೆ ಅದೇ ಸಿಲಿಂಡರ್ ಮತ್ತೆ ಬಳಕೆಗೆ ಬರುತ್ತಿತ್ತು. ಆಯೋಗದ ಹತ್ತಿರ ದುಡ್ಡು ಕಡಿಮೆ. ಹಾಗಾಗಿ ಹೆಚ್ಚಿನವನ್ನು ಹೆರೆದೇಬಿಟ್ಟರು. ಹೊಟ್ಟೆ ಉರಿಯುತ್ತದೆ, ಅಲ್ವಾ? ಆದರೆ ಹಾಗೆ ಮಾಡದಿದ್ದರೆ ಎಷ್ಟೋ ಹಿರಿಯರ ಮಾತು ಬರಹದಲ್ಲೂ ಉಳಿಯುತ್ತಿರಲಿಲ್ಲ.

ಬಚಾವಾದ ಸಿಲಿಂಡರ್‌ಗಳೂ ಕೈಬರಹದ ಸಂಪುಟಗಳೂ ಈಗ ಯೂನಿವರ್ಸಿಟಿ ಕಾಲೇಜ್ ಡಬ್ಲಿನ್‌ನ ರಾಷ್ಟ್ರೀಯ ಜಾನಪದ ಸಂಗ್ರಹದಲ್ಲಿವೆ. ಅಲ್ಲಿನ ಎಷ್ಟೋ ಪುಟಗಳನ್ನು ಇಂಟರ್ನೆಟ್ಟಿನಲ್ಲೇ ಓದಬಹುದು.