ಕಂಪ್ಯೂಟರ್ ರಾತ್ರಿಯೆಲ್ಲ ಮೊರೆಯುತ್ತದೆ, ಸದ್ದಿಲ್ಲದ ಕೂಲರ್ ಯಾವುದು? ನಾನೇ ಹಾಕಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಥಾಣೆಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯ ಬಾಡಿಗೆ ಮನೆ. ರಾತ್ರಿ ಹತ್ತರ ಮೇಲೆ ನಿಮ್ಮ ಕೆಲಸ. ರೈಜೆನ್ 5 5600 ಪ್ರೊಸೆಸರ್, ಅದನ್ನು ತಣ್ಣಗಿಡಲು ಅದರ ಡಬ್ಬಿಯಲ್ಲೇ ಬಂದ ಪುಟ್ಟ ಕೂಲರ್. ಅದರ ಸದ್ದು ಏರಿ ಇಳಿದು ಏರಿ, ನಾಲ್ಕಡಿ ದೂರದಲ್ಲಿ ಮಲಗಿದ ಮಗು ಎದ್ದುಬಿಡುತ್ತದೆ. ಮೂರು ಸಾವಿರದೊಳಗೆ ಏನು ತರಬೇಕು, ನಾನೇ ಕೂರಿಸಬಹುದಾ ಅಂತ ಕೇಳಿದ್ದೀರಿ.

ಖಂಡಿತ ಕೂರಿಸಬಹುದು. ಮೂರು ಸಾವಿರವೂ ಸಾಕು.

ನಾನಿರುವುದು ಡೊಂಬಿವಲಿಯಲ್ಲಿ. ಊರಿನ ತಾಳಮದ್ದಳೆ ರೆಕಾರ್ಡಿಂಗುಗಳನ್ನು ರಾತ್ರಿ ಕೂತು ಎಡಿಟ್ ಮಾಡುತ್ತೇನೆ. ಅಮ್ಮ ಅದೇ ಹಾಲ್‌ನಲ್ಲಿ ಮಲಗುತ್ತಾರೆ. ಮೊದಲ ವರ್ಷ ನನ್ನ ಕಂಪ್ಯೂಟರೂ ನಿಮ್ಮದರ ಹಾಗೇ ಇತ್ತು. "ಅದೇನು, ರಾತ್ರಿಯೆಲ್ಲ ಗಿರಣಿ ಓಡಿಸ್ತೀಯಾ?" ಅಂತ ಅಮ್ಮ ಕೇಳಿದ ಮೇಲೆಯೇ ನಾನು ಈ ವಿಷಯ ಕಲಿಯಲು ಕೂತದ್ದು. ಮದ್ದಳೆಯ ಸಣ್ಣ ನುಡಿತ ಕೇಳಿಸಬೇಕಾದ ಜಾಗದಲ್ಲಿ ಫ್ಯಾನಿನ ಗುಂಯ್ ಅನ್ನುವ ಸದ್ದು ಕೂತಿರುತ್ತಿತ್ತು. ಆಗ ಆಗುವ ಸಂಕಟ ನನಗೆ ಚೆನ್ನಾಗಿ ಗೊತ್ತು.

ದುಡ್ಡು ಕೊಡುವ ಮೊದಲು ಸದ್ದು ಮಾಡುತ್ತಿರುವುದು ಯಾವುದು ಅಂತ ನೋಡಿಕೊಳ್ಳಿ. ಕ್ಯಾಬಿನೆಟ್‌ನ ಎಡಗಡೆಯ ಬಾಗಿಲು ತೆಗೆಯಿರಿ, ಮನೆಯ ಸೀಲಿಂಗ್ ಫ್ಯಾನ್ ಆರಿಸಿ. ಸದ್ದು ಜೋರಾಗಿರುವಾಗ ಕೂಲರಿನ ಫ್ಯಾನಿನ ನಡುವೆ ಸ್ಟಿಕ್ಕರ್ ಇರುವ ದುಂಡನೆಯ ಭಾಗಕ್ಕೆ ಬೆರಳು ಮೆಲ್ಲಗೆ ಒತ್ತಿ, ಎರಡು ಮೂರು ಸೆಕೆಂಡ್ ನಿಲ್ಲಿಸಿ. ರೆಕ್ಕೆಗೆ ಕೈ ತಾಗಿಸಬೇಡಿ. ಸದ್ದು ಥಟ್ಟನೆ ನಿಂತರೆ ಅದೇ ಕಾರಣ. ನಿಲ್ಲದಿದ್ದರೆ ಗ್ರಾಫಿಕ್ಸ್ ಕಾರ್ಡ್, ಕ್ಯಾಬಿನೆಟ್ ಫ್ಯಾನ್, ಎಸ್‌ಎಂಪಿಎಸ್ (ಒಳಗೆ ಕರೆಂಟ್ ಕೊಡುವ ಡಬ್ಬಿ), ಹಳೆಯ ಹಾರ್ಡ್ ಡಿಸ್ಕ್, ಇವುಗಳಲ್ಲೊಂದು. ಹಾರ್ಡ್ ಡಿಸ್ಕಿನ ನಡುಕ ಮೇಜಿಗೆ ಹತ್ತಿದರೆ ಇಡೀ ಮೇಜೇ ಗುನುಗುತ್ತದೆ. ಅದಕ್ಕೆ ಎಷ್ಟೇ ಒಳ್ಳೆಯ ಕೂಲರ್ ತಂದರೂ ಉಪಯೋಗವಿಲ್ಲ, ಅಲ್ವಾ? ಆದರೆ ನೀವು "ಏರಿ ಇಳಿದು" ಅಂತ ಬರೆದಿರುವುದರಿಂದ ನಿಮ್ಮದು ಪ್ರೊಸೆಸರ್ ಫ್ಯಾನೇ ಇರಬೇಕು. ರೈಜೆನ್ 5000 ಸಾಲಿನ ಪ್ರೊಸೆಸರುಗಳ ಬಿಸಿ ಒಂದು ವಿಂಡೋ ತೆರೆದರೂ ಕ್ಷಣದಲ್ಲಿ ಮೇಲೆ ಹಾರುತ್ತದೆ. ಫ್ಯಾನ್ ಅದರ ಹಿಂದೆಯೇ ಓಡುತ್ತದೆ.

ನಿಮ್ಮ ಈಗಿನ ಕೂಲರ್ ರೇಥ್ ಸ್ಟೆಲ್ತ್. 54 ಮಿ.ಮೀ. ಎತ್ತರದ ಅಲ್ಯೂಮಿನಿಯಂ ಗಟ್ಟಿ, ಮೇಲೊಂದು ಫ್ಯಾನ್. ಹೀಟ್ ಪೈಪ್, ಅಂದರೆ ಬಿಸಿ ಸಾಗಿಸುವ ತಾಮ್ರದ ಕೊಳವೆ, ಇಲ್ಲ. ಬಿಸಿ ಹರಡಿಕೊಳ್ಳಲು ಜಾಗವೇ ಕಡಿಮೆ, ಆದ್ದರಿಂದ ಫ್ಯಾನ್ ಜೋರಾಗಿ ತಿರುಗಲೇಬೇಕು. ತೆಳು ತಗಡುಗಳನ್ನು ಗೋಪುರದ ಹಾಗೆ ಜೋಡಿಸಿದ ಟವರ್ ಕೂಲರಿನ ರೀತಿ ಬೇರೆ. ಅದರ ತಾಮ್ರದ ಕೊಳವೆಯೊಳಗೆ ಚೂರೇ ಚೂರು ನೀರು ಇರುತ್ತದೆ, ಒಳಗಿನ ಒತ್ತಡ ಕಡಿಮೆ. ಪ್ರೊಸೆಸರಿನ ಬಿಸಿಗೆ ಆ ನೀರು ಆವಿಯಾಗಿ ಮೇಲೇರುತ್ತದೆ, ತಗಡುಗಳ ಹತ್ತಿರ ತಣಿದು ಮತ್ತೆ ನೀರಾಗಿ ಕೆಳಗೆ ಬರುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳಕ್ಕೆ ಆವಿ ತಾಗಿ ಹನಿಯಾಗಿ ಇಳಿಯುವ ಹಾಗೆಯೇ. ಹೀಗೆ ಬಿಸಿಯನ್ನು ಹತ್ತಾರು ತಗಡುಗಳಿಗೆ ಹಂಚಿಬಿಟ್ಟ ಮೇಲೆ ಮೆಲ್ಲಗೆ ಬೀಸುವ ಗಾಳಿಯೇ ಸಾಕು.

ಮೆಲ್ಲಗೆ ಅನ್ನುವುದರಲ್ಲೇ ಎಲ್ಲ ಇರುವುದು. ಫ್ಯಾನಿನ ವೇಗ ಅರ್ಧಕ್ಕೆ ಇಳಿಸಿದರೆ ಗಾಳಿ ಅರ್ಧವಾಗುತ್ತದೆ. ಸದ್ದು ಮಾತ್ರ ಸುಮಾರು 15 ಡೆಸಿಬೆಲ್ ಇಳಿಯುತ್ತದೆ. 10 ಡೆಸಿಬೆಲ್ ಇಳಿದರೇ ನಮ್ಮ ಕಿವಿಗೆ ಸದ್ದು ಅರ್ಧವಾದ ಹಾಗೆ ಕೇಳುತ್ತದೆ. ಹಾಗಾಗಿ ದೊಡ್ಡ ಹೀಟ್‌ಸಿಂಕ್ (ಬಿಸಿ ಹರಡುವ ಆ ತಗಡುಗಳ ಗೋಪುರ), ನಿಧಾನದ ಫ್ಯಾನ್. ಡಬ್ಬಿಯ ಮೇಲೆ ಬರೆದ ಡೆಸಿಬೆಲ್ ಲೆಕ್ಕ ನೋಡಿ ಕೂಲರ್ ಆರಿಸಬೇಡಿ. ಒಂದೊಂದು ಕಂಪನಿ ಒಂದೊಂದು ರೀತಿ ಅಳೆಯುತ್ತದೆ.

ನಿಮ್ಮ ಪ್ರೊಸೆಸರ್ 65 ವ್ಯಾಟಿನದು. ಅದಕ್ಕೆ ನಾಲ್ಕು ಹೀಟ್ ಪೈಪ್, 120 ಮಿ.ಮೀ. ಫ್ಯಾನ್ ಇರುವ ಒಂದೇ ಗೋಪುರದ ಕೂಲರ್ ಧಾರಾಳ. ನಾನಾದರೆ ಡೀಪ್‌ಕೂಲ್ ಎಕೆ400 ತರುತ್ತೇನೆ. ಎತ್ತರ 155 ಮಿ.ಮೀ., ಫ್ಯಾನ್ ನಿಮಿಷಕ್ಕೆ 500ರಿಂದ 1850 ಸುತ್ತಿನವರೆಗೆ ಓಡುತ್ತದೆ. ನಿಮ್ಮ ಎಎಂ4 (ಪ್ರೊಸೆಸರ್ ಕೂರುವ ಸಾಕೆಟ್ಟಿನ ಹೆಸರು) ಮದರ್‌ಬೋರ್ಡಿಗೂ ಆಗುತ್ತದೆ, ನಾಳೆ ಅದರ ಮುಂದಿನ ಎಎಂ5ಗೆ ಹೋದರೂ ನಡೆಯುತ್ತದೆ. ಕೂಲರ್ ಮಾಸ್ಟರಿನ ಹೈಪರ್ 212 ಸಾಲಿನದು ಸಿಕ್ಕರೂ ತಪ್ಪಿಲ್ಲ. ನಾಕ್ಟುವಾ ಎನ್‌ಎಚ್-ಡಿ15 ತಗೊಳ್ಳಿ ಅಂತ ಯಾರಾದರೂ ಹೇಳಬಹುದು. ಅದು ಬಹಳ ಒಳ್ಳೆಯ ಕೂಲರ್, ನಿಜ. ಆದರೆ ಎರಡು ಫ್ಯಾನ್ ಸೇರಿ 1,320 ಗ್ರಾಂ ತೂಕ, 165 ಮಿ.ಮೀ. ಎತ್ತರ, ನಿಮ್ಮ ಬಜೆಟ್ಟಿನ ಎಷ್ಟೋ ಪಟ್ಟು ದುಡ್ಡು. 65 ವ್ಯಾಟಿಗೆ ಅದು ಬೇಕಿಲ್ಲ. ಉಳಿದ ದುಡ್ಡಲ್ಲಿ ಕ್ಯಾಬಿನೆಟ್ಟಿಗೆ ಒಂದು ಒಳ್ಳೆಯ ಫ್ಯಾನ್ ಹಾಕಿಸಿ.

ಜನ ಎಡವುವುದು ಎತ್ತರದಲ್ಲಿ. ಅಗ್ಗದ ಕ್ಯಾಬಿನೆಟ್ ಅಗಲದಲ್ಲಿ ಕಿರಿದು, 155 ಮಿ.ಮೀ. ಹಿಡಿಸದೇ ಹೋಗಬಹುದು. ಹಿಂದೆ ಒಬ್ಬ ಅಂಗಡಿಯವರ "ಫಿಟ್ ಆಗುತ್ತೆ" ಅನ್ನುವ ಮಾತು ನಂಬಿ ಒಂದು ಕೂಲರ್ ತಂದಿದ್ದೆ. ಬಾಗಿಲು ಎರಡು ಬೆರಳಷ್ಟು ಹೊರಗೇ ಉಳಿಯಿತು. ವಾಪಸ್ ತೆಗೆದುಕೊಳ್ಳಲಿಲ್ಲ. ಹಾಗಾಗಿ ಕ್ಯಾಬಿನೆಟ್ ಮಾಡೆಲಿನ ಹೆಸರು ಹುಡುಕಿ, ಕೂಲರ್ ಎತ್ತರಕ್ಕೆ ಎಷ್ಟು ಜಾಗ ಅಂತ ನೋಡಿ. ಮಾಡೆಲ್ ಗೊತ್ತಿಲ್ಲದಿದ್ದರೆ ಬಾಗಿಲು ತೆಗೆದು, ಮಕ್ಕಳ ಸ್ಕೇಲನ್ನು ಮದರ್‌ಬೋರ್ಡಿಗೆ ನೆಟ್ಟಗೆ ಹಿಡಿದು, ಬಾಗಿಲಿನ ಅಂಚಿನವರೆಗೆ ಅಳೆಯಿರಿ. ಅದರಲ್ಲಿ 10 ಮಿ.ಮೀ. ಕಳೆಯಿರಿ. ಬೋರ್ಡಿಗಿಂತ ಪ್ರೊಸೆಸರ್ ಸ್ವಲ್ಪ ಎತ್ತರದಲ್ಲಿ ಕೂತಿರುತ್ತದೆ, ಅದಕ್ಕೆ. ರ‍್ಯಾಮ್ ಎತ್ತರವಾಗಿದ್ದರೆ ಫ್ಯಾನನ್ನು ಮೇಲೆ ಸರಿಸಬೇಕಾಗುತ್ತದೆ, ಆಗ ಒಟ್ಟು ಎತ್ತರ ಇನ್ನೂ ಏರುತ್ತದೆ.

ಆನ್‌ಲೈನಿನಲ್ಲೂ ಸಿಗುತ್ತದೆ. ಕೈಯಲ್ಲಿ ಹಿಡಿದು ನೋಡಿ ತರಬೇಕು ಅಂದರೆ ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ. ದಾದರ್‌ನಲ್ಲಿ ಇಳಿದು ವೆಸ್ಟರ್ನ್ ಲೈನಿನ ಸ್ಲೋ ಗಾಡಿ ಹತ್ತಿದರೆ ಗ್ರ್ಯಾಂಟ್ ರೋಡ್, ಅಲ್ಲಿಂದ ನಡೆದು ಹೋಗುವಷ್ಟೇ ದೂರ. ಭಾನುವಾರ ಬೇಡ, ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ. ಬಿಲ್ ಕೇಳಿ ತಗೊಳ್ಳಿ. ಅದಿಲ್ಲದೆ ವಾರಂಟಿ ಮಾತು ಬರುವುದಿಲ್ಲ.

ಇನ್ನು ಕೂರಿಸುವುದು. ಇದನ್ನು ನಿಧಾನ ಓದಿ, ಏಕೆಂದರೆ ನಾನು ಇಲ್ಲೇ ತಪ್ಪು ಮಾಡಿದ್ದೆ.

ಎಎಂ4 ಪ್ರೊಸೆಸರಿನ ಹೊಟ್ಟೆಯ ಅಡಿ 1,331 ಪಿನ್ನುಗಳಿವೆ. ಪ್ರೊಸೆಸರಿನ ಬಿಸಿ ಕೂಲರಿಗೆ ದಾಟಲಿ ಅಂತ ನಡುವೆ ಹಚ್ಚಿದ ಹಳೆಯ ಪೇಸ್ಟ್ ಒಣಗಿ ಅಂಟಾಗಿರುತ್ತದೆ. ಕೂಲರನ್ನು ನೇರ ಮೇಲಕ್ಕೆ ಎಳೆದರೆ ಲಾಕ್ ಹಾಕಿರುವಾಗಲೇ ಪ್ರೊಸೆಸರ್ ಅದರ ಜೊತೆ ಕಿತ್ತು ಬರಬಹುದು. ನನ್ನದು ಹಾಗೆಯೇ ಬಂತು. ತಿರುಗಿಸಿ ನೋಡಿದರೆ ಮೂಲೆಯ ಎರಡು ಪಿನ್ ಬಾಗಿದ್ದವು. ಎದೆ ಧಸಕ್ಕೆಂದಿತು. ಸೀಸದ ಕಡ್ಡಿ ಹಾಕುವ ಪೆನ್ಸಿಲ್ಲಿನ ಕಡ್ಡಿ ತೆಗೆದು, ಅದರ ಲೋಹದ ತುದಿಯೊಳಗೆ ಒಂದೊಂದೇ ಪಿನ್ ತೂರಿಸಿ, ಉಸಿರು ಹಿಡಿದು ಕೂದಲೆಳೆಯಷ್ಟೇ ನೆಟ್ಟಗೆ ಮಾಡಿದೆ. ಮುಕ್ಕಾಲು ಗಂಟೆ ಬೇಕಾಯಿತು. ಪುಣ್ಯಕ್ಕೆ ಕಂಪ್ಯೂಟರ್ ಎದ್ದಿತು.

ನೀವು ಹೀಗೆ ಮಾಡಿ. ಕಂಪ್ಯೂಟರಿಗೆ ಹತ್ತು ನಿಮಿಷ ಭಾರದ ಕೆಲಸ ಕೊಡಿ, ಪೇಸ್ಟ್ ಮೆತ್ತಗಾಗಲಿ. ಆಫ್ ಮಾಡಿ, ಗೋಡೆಯ ಪ್ಲಗ್ ತೆಗೆಯಿರಿ. ಕ್ಯಾಬಿನೆಟ್‌ನ ಎರಡೂ ಬಾಗಿಲು ತೆಗೆಯಿರಿ. ಕೂಲರ್ ಫ್ಯಾನಿನ ವೈರ್ ಬಿಡಿಸಿ. ನಾಲ್ಕು ಸ್ಕ್ರೂಗಳನ್ನು ಎದುರು ಮೂಲೆ ಎದುರು ಮೂಲೆ ಅನ್ನುವ ಹಾಗೆ ಸ್ವಲ್ಪ ಸ್ವಲ್ಪ ಸಡಿಲಿಸಿ. ಆಗ ಮನೆಯವರೊಬ್ಬರು ಹಿಂದಿನಿಂದ ಬೋರ್ಡಿನ ಹಿಂಬದಿಯ ಲೋಹದ ಪ್ಲೇಟ್ ಹಿಡಿದುಕೊಂಡಿರಲಿ. ಸ್ಟೆಲ್ತ್ ಕೂಲರಿನ ಸ್ಕ್ರೂಗಳೇ ಆ ಪ್ಲೇಟನ್ನು ಹಿಡಿದಿರುವುದು, ಬಿಚ್ಚಿದೊಡನೆ ಅದು ಬೀಳುತ್ತದೆ. ಹೊಸ ಕೂಲರಿಗೂ ಅದೇ ಪ್ಲೇಟ್ ಬೇಕು. ಸ್ಕ್ರೂ ಬಿಟ್ಟ ಮೇಲೆ ಕೂಲರನ್ನು ಎಳೆಯಬೇಡಿ. ಬಾಟಲಿ ಮುಚ್ಚಳದ ಹಾಗೆ ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿ. ಅಂಟು ಬಿಟ್ಟದ್ದು ಕೈಗೇ ತಿಳಿಯುತ್ತದೆ.

ಹಳೆಯ ಪೇಸ್ಟ್ ಒರೆಸಲು ಐಸೊಪ್ರೊಪಿಲ್ ಆಲ್ಕೋಹಾಲ್ ಬೇಕು. ಮೆಡಿಕಲ್ ಅಂಗಡಿಯಲ್ಲಿ ಕೇಳಿ. ಹತ್ತಿ ಬೇಡ, ಎಳೆ ಬಿಡುತ್ತದೆ. ಒಗೆದೊಗೆದು ಸವೆದ ಹಳೆಯ ಪಂಚೆಯ ತುಂಡು ಎಲ್ಲಕ್ಕಿಂತ ಚೆನ್ನ. ಪ್ರೊಸೆಸರಿನ ನೆತ್ತಿ ಕನ್ನಡಿಯ ಹಾಗೆ ಹೊಳೆದರೆ ಆಯಿತು.

ಹೊಸ ಕೂಲರಿನ ಬ್ರ್ಯಾಕೆಟ್ಟುಗಳನ್ನು ಅದೇ ಹಿಂಬದಿ ಪ್ಲೇಟಿಗೆ ಬಿಗಿಯಿರಿ. ಪ್ಲೇಟ್ ಗಟ್ಟಿಯಾಗಿ ನಿಂತ ಮೇಲೆ ಕ್ಯಾಬಿನೆಟ್ಟನ್ನು ಮಲಗಿಸಿ. ಕೂಲರಿನ ತಳಕ್ಕೆ ಪೇಸ್ಟ್ ಬಳಿದೇ ಬಂದಿದ್ದರೆ ಮತ್ತೆ ಹಾಕಬೇಡಿ. ಇಲ್ಲದಿದ್ದರೆ ಪ್ರೊಸೆಸರಿನ ನಡುವೆ ತೊಗರಿಕಾಳಿನಷ್ಟು ಸಾಕು. ಜಾಸ್ತಿ ಹಾಕಿದರೆ ಜಾಸ್ತಿ ತಂಪು ಅನ್ನುವುದು ಸುಳ್ಳು. ತಳಕ್ಕೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರೆ ಮೊದಲು ಕೀಳಿ. ಅದನ್ನು ಮರೆತು ಕೂರಿಸಿ, ಆಮೇಲೆ ಕೂಲರ್ ಕೆಟ್ಟಿದೆ ಅಂತ ಬೈಯುವವರು ತುಂಬಾ ಜನ. ಸ್ಕ್ರೂಗಳನ್ನು ಒಂದು ಕಡೆ ಎರಡು ಸುತ್ತು, ಇನ್ನೊಂದು ಕಡೆ ಎರಡು ಸುತ್ತು, ಹೀಗೆ ಬಿಗಿಯಿರಿ. ಒಂದೇ ಕಡೆ ಪೂರ್ತಿ ಬಿಗಿದರೆ ತಳ ಓರೆಯಾಗಿ ಕೂರುತ್ತದೆ.

ಆಮೇಲೆ ಫ್ಯಾನ್ ಹಾಕಿ. ಗಾಳಿ ಕ್ಯಾಬಿನೆಟ್ಟಿನ ಮುಂದಿನಿಂದ ಹಿಂದಕ್ಕೆ ಹೋಗಬೇಕು. ಫ್ಯಾನಿನ ಹಿಂಬದಿಯಲ್ಲಿ ಅಡ್ಡ ಕಡ್ಡಿಗಳ ಚೌಕಟ್ಟು ಇರುತ್ತದಲ್ಲ, ಗಾಳಿ ಹೊರಬರುವುದು ಆ ಕಡೆಯಿಂದ. ಆ ಕಡೆ ತಗಡುಗಳಿಗೆ ತಾಗಲಿ. ನಾಲ್ಕು ಪಿನ್ನಿನ ವೈರನ್ನು ಬೋರ್ಡಿನಲ್ಲಿ ಸಿಪಿಯು ಫ್ಯಾನ್ ಅಂತ ಬರೆದ ಜಾಗಕ್ಕೇ ಚುಚ್ಚಿ. ಇಲ್ಲದಿದ್ದರೆ ಆನ್ ಮಾಡಿದ ಕೂಡಲೇ ಫ್ಯಾನ್ ಇಲ್ಲ ಅಂತ ಬೋರ್ಡ್ ತಕರಾರು ತೆಗೆಯಬಹುದು.

ಇಷ್ಟಾದರೂ ಕೆಲಸ ಅರ್ಧವೇ. ಬಯಾಸ್‌ಗೆ, ಅಂದರೆ ವಿಂಡೋಸ್ ಏಳುವ ಮೊದಲೇ ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆಗೆ, ಹೋಗಿ. ಏಸುಸ್ ಬೋರ್ಡಾದರೆ ಕ್ಯೂ-ಫ್ಯಾನ್, ಗಿಗಾಬೈಟ್ ಆದರೆ ಸ್ಮಾರ್ಟ್ ಫ್ಯಾನ್ ಅಂತ ಇರುತ್ತದೆ. ಅಲ್ಲಿ ಯಾವ ಬಿಸಿಗೆ ಎಷ್ಟು ವೇಗ ಅಂತ ನೀವೇ ಬರೆಯಬಹುದು. 60 ಡಿಗ್ರಿಯವರೆಗೆ 30 ಶೇಕಡಾ, 70ಕ್ಕೆ 50, 80ಕ್ಕೆ 75 ಅಂತ ಇಡಿ. ಬಿಸಿ ಏರಿದ ಮೇಲೆ ಫ್ಯಾನ್ ಏರಲು ನಾಲ್ಕೈದು ಸೆಕೆಂಡ್ ಕಾಯುವ ಹಾಗೆ ಮಾಡುವ ಸೆಟ್ಟಿಂಗೂ ಅಲ್ಲೇ ಹೆಚ್ಚಾಗಿ ಸಿಗುತ್ತದೆ. ಮಗುವಿನ ನಿದ್ದೆಗೆ ಇದು ಮುಖ್ಯ. ಒಂದೇ ಸಮನಾದ ಮೆಲು ಸದ್ದಿಗೆ ಮಕ್ಕಳು ಹೊಂದಿಕೊಳ್ಳುತ್ತವೆ. ಏರಿಳಿಯುವ ಸದ್ದಿಗೆ ಬೆಚ್ಚಿ ಏಳುತ್ತವೆ. ಹೊಸ ಕೂಲರ್ ತರುವ ಮೊದಲು ಇವತ್ತು ರಾತ್ರಿಯೇ ಹಳೆಯದರ ಮೇಲೂ ಈ ಕಾಯುವ ಸೆಟ್ಟಿಂಗ್ ಮಾಡಿ ನೋಡಿ. ಒಂದು ಪೈಸೆ ಖರ್ಚಿಲ್ಲ.

ಬಿಸಿ ಎಷ್ಟಿದೆ ಅಂತ ನೋಡುವಾಗ ಪರದೇಶದವರ ವಿಡಿಯೋ ಜೊತೆ ಹೋಲಿಸಬೇಡಿ. ಅವರ ಕೋಣೆ 21, 22 ಡಿಗ್ರಿ ಇರುತ್ತದೆ. ನಮ್ಮಲ್ಲಿ ಮೇ ತಿಂಗಳ ರಾತ್ರಿ ಮನೆಯೊಳಗೆ 32 ಇರುತ್ತದೆ. ಪ್ರೊಸೆಸರನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲು ಫ್ಯಾನಿನ ಗಾಳಿ ನಂಬಿದ ಇಂಥ ಯಾವ ಕೂಲರಿಗೂ ಆಗುವುದಿಲ್ಲ. ಅವರಲ್ಲಿ 62 ಬಂದರೆ ನಿಮ್ಮಲ್ಲಿ 72 ಬರುತ್ತದೆ, ಅಷ್ಟೇ. 75ರ ಒಳಗೆ ಇದ್ದರೆ ಸುಮ್ನೆ ಕೆಲಸ ಮಾಡಿಕೊಂಡಿರಿ.

ಧೂಳಿನ ಕಡೆ ಮಾತ್ರ ಗಮನ ಇರಲಿ. ಇಲ್ಲಿನ ತೇವಕ್ಕೆ ಧೂಳು ತಗಡುಗಳ ನಡುವೆ ಕಂಬಳಿಯ ಹಾಗೆ ಹತ್ತಿಕೊಳ್ಳುತ್ತದೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ದೀಪಾವಳಿಗೆ ಮನೆ ಗುಡಿಸುವಾಗ ಒಮ್ಮೆ ಬ್ಲೋವರ್ ಹಿಡಿಯಿರಿ. ಊದುವಾಗ ಫ್ಯಾನ್ ತಿರುಗದ ಹಾಗೆ ಬೆರಳಿನಿಂದ ಹಿಡಿದಿರಿ.

ಕ್ಯಾಬಿನೆಟ್ಟಿನ ಒಳ ಅಳತೆ, ಮದರ್‌ಬೋರ್ಡಿನ ಹೆಸರು ಎರಡನ್ನೂ ಇಲ್ಲಿ ಬರೆಯಿರಿ. ಕೊಳ್ಳುವ ಮೊದಲೇ ನೋಡಿ ಹೇಳುತ್ತೇನೆ.