ಓಟಿಲ್ಲದವರು ಅಮೆರಿಕದ ವಲಸೆ ಕಾನೂನು ಬದಲಿಸಿ ಅಂತ ಹೋರಾಡಿದರೆ ಪ್ರಯೋಜನ ಇದೆಯಾ?

ನಿಮ್ಮ ತಮ್ಮ ಹತ್ತು ವರ್ಷದಿಂದ ಎಚ್-1ಬಿ ಅನ್ನುವ ಕೆಲಸದ ವೀಸಾದ ಮೇಲೆ ಅಮೆರಿಕದಲ್ಲಿದ್ದಾನೆ, ಮಗಳಿಗೆ ಹದಿನಾರು, ಗ್ರೀನ್ ಕಾರ್ಡ್, ಅಂದರೆ ಅಲ್ಲಿ ಕಾಯಂ ಇರುವ ಪರವಾನಗಿ, ಬರುವ ಲಕ್ಷಣ ಇಲ್ಲ ಅಂತ ಬರೆದಿದ್ದೀರಿ. ಕಾನೂನು ಬದಲಾಗಲಿ ಅಂತ ಓಡಾಡುವವರ ಜೊತೆ ಸೇರು ಅಂದರೆ "ನಮಗೆ ಓಟೇ ಇಲ್ಲ, ಯಾರು ಕೇಳ್ತಾರೆ" ಅನ್ನುತ್ತಾನಂತೆ. ಮೊದಲು ನಾನೂ ಹಾಗೇ ಅನ್ನುತ್ತಿದ್ದೆ. ಆಮೇಲೆ ಐದು ವರ್ಷ ಅದೇ ಕೆಲಸ ಮಾಡಿದೆ. ಪ್ರಯೋಜನ ಇದೆ, ಖಂಡಿತ ಇದೆ.

ನಾವು ಬೆಳಗಾವಿಯ ಟಿಳಕವಾಡಿಯವರು. 2007ರಲ್ಲಿ ನ್ಯೂಜೆರ್ಸಿಗೆ ಹೋದಾಗ ಮಗನಿಗೆ ನಾಲ್ಕು ವರ್ಷ. ಗ್ರೀನ್ ಕಾರ್ಡ್ ಪಾಳಿಯಲ್ಲಿ ನಮಗೆ ಸಿಕ್ಕ ತಾರೀಖು, ಅಂದರೆ ನಾವು ಪಾಳಿಗೆ ಸೇರಿದ ದಿನ, 2014ರದ್ದು. ಅತ್ತೆಯ ಆರೋಗ್ಯ ಕೆಟ್ಟು 2023ರಲ್ಲಿ ವಾಪಸ್ ಬಂದಾಗಲೂ ಆ ಪಾಳಿ ನಮ್ಮ ತನಕ ಬಂದಿರಲಿಲ್ಲ.

ಪಾಳಿ ಯಾಕೆ ಇಷ್ಟು ಉದ್ದ ಅಂದರೆ, ಕೆಲಸದ ಮೇಲೆ ಹೋದವರಿಗೆ ಅಂತ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡ್ ಮಾತ್ರ. ಹೆಂಡತಿ ಮಕ್ಕಳ ಲೆಕ್ಕವೂ ಅದರಲ್ಲೇ. ಮತ್ತೆ ಯಾವುದೇ ಒಂದು ದೇಶಕ್ಕೆ ಶೇಕಡಾ 7ರ ಮಿತಿ. ಐಸ್‌ಲ್ಯಾಂಡಿಗೂ ಅಷ್ಟೇ, ಭಾರತಕ್ಕೂ ಅಷ್ಟೇ. ಇದು 1990ರ ಕಾನೂನು. ಮಕ್ಕಳಿಗೆ 21 ತುಂಬಿದರೆ ಅಪ್ಪ ಅಮ್ಮನ ಅರ್ಜಿಯಿಂದ ಹೊರಗೆ ಬೀಳುತ್ತಾರೆ. ನಿಮ್ಮ ತಮ್ಮನ ನಿಜವಾದ ತ್ರಾಸ ಇದೇ ಅಲ್ವಾ?

ಇಲ್ಲಿ ಚಳಿಗಾಲದ ಅಧಿವೇಶನ ಬಂದರೆ ಸುವರ್ಣಸೌಧದ ಹತ್ತಿರ ಕೊಂಡಸಕೊಪ್ಪದಲ್ಲಿ ಟೆಂಟ್ ಬೀಳುವುದು ನಮಗೆಲ್ಲ ಗೊತ್ತು. ಕಬ್ಬಿನವರು, ಅಂಗನವಾಡಿಯವರು ದಿನಗಟ್ಟಲೆ ಕೂತು ಮಂತ್ರಿಗಳ ಕೈಗೆ ಮನವಿ ಕೊಡುತ್ತಾರೆ. ಅಲ್ಲಿ ಹಾಗಲ್ಲ. ಅಲ್ಲಿನ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಯ ಸದಸ್ಯರಿಗೆ ಅವರ ಕ್ಷೇತ್ರದಲ್ಲೇ ಕಚೇರಿ ಇರುತ್ತದೆ. ಮೊದಲೇ ಸಮಯ ಕೇಳಿ ಹೋಗಬೇಕು. ನಮ್ಮ ಮಾತು ಕೇಳಲು ಬರುವವರು ಇಪ್ಪತ್ತೈದು ವರ್ಷದ ಹುಡುಗನೋ ಹುಡುಗಿಯೋ ಇರಬಹುದು. ಸಣ್ಣವರು ಅಂತ ಬೇಜಾರು ಮಾಡಿಕೊಳ್ಳಬಾರದು. ಸದಸ್ಯರ ಮೇಜಿಗೆ ವಿಷಯ ಹೋಗುವುದು ಅವರ ಟಿಪ್ಪಣಿಯಿಂದಲೇ.

2018ರಲ್ಲಿ ನಾವು ನಾಲ್ಕು ಮನೆಯವರು ಮೊದಲ ಸಲ ಹೋದೆವು. ನನ್ನ ಯಜಮಾನರು ಹನ್ನೆರಡು ಪುಟದ ಲೆಕ್ಕ ಮಾಡಿಕೊಂಡು ಬಂದಿದ್ದರು. ಕಚೇರಿಯ ಹುಡುಗಿ ಎರಡು ಪುಟ ತಿರುವಿ ಪಕ್ಕಕ್ಕೆ ಇಟ್ಟಳು. ನನ್ನ ಪರ್ಸಿನಲ್ಲಿ ಮಗನ ಎರಡು ಫೋಟೋ ಇದ್ದವು. ಒಂದು ವಿಮಾನ ಹತ್ತುವ ದಿನ ಸಾಂಬ್ರಾದ ನಮ್ಮ ಅಕ್ಕನ ಮನೆ ಮುಂದೆ ತೆಗೆದದ್ದು, ಇನ್ನೊಂದು ಅಲ್ಲಿನ ಹೈಸ್ಕೂಲಿನ ಬ್ಯಾಂಡ್ ಡ್ರೆಸ್ಸಿನಲ್ಲಿ. ಎರಡನ್ನೂ ಮೇಜಿನ ಮೇಲೆ ಇಟ್ಟೆ. "ಇವನಿಗೆ 21 ಯಾವಾಗ ತುಂಬುತ್ತೆ?" ಅಂತ ಕೇಳಿದಳು. "2024ರ ಮಾರ್ಚ್" ಅಂದೆ. ಅವಳು ಪೆನ್ ತೆಗೆದು ಆ ತಾರೀಖು ಬರೆದುಕೊಂಡಳು, ಕೆಳಗೆ ಗೆರೆ ಎಳೆದಳು. ಮೂರು ತಿಂಗಳ ನಂತರ ಮತ್ತೆ ಹೋದಾಗ ಬಾಗಿಲಲ್ಲೇ ಮಗನ ಹೆಸರು ಹಿಡಿದು ವಿಚಾರಿಸಿದಳು. ಆವತ್ತು ನನಗೆ ಕಣ್ಣೀರು ಬಂತು.

ಆ ಎರಡನೇ ಸಲ ಪಕ್ಕದ ಮನೆಯ ಅಜ್ಜನನ್ನೂ ಕರೆದುಕೊಂಡು ಹೋಗಿದ್ದೆವು. ಶಾಲೆ ಬಸ್ ಓಡಿಸಿ ನಿವೃತ್ತರಾದವರು, ಅಲ್ಲೇ ಹುಟ್ಟಿದವರು, ಓಟು ಇದ್ದವರು. "ಈ ಹುಡುಗ ನನ್ನ ಬಸ್ಸಿನಲ್ಲೇ ಬೆಳೆದವನು" ಅಂತ ಒಂದೇ ಮಾತು ಹೇಳಿ ಸುಮ್ನೆ ಕೂತರು. ನಮ್ಮ ಹನ್ನೆರಡು ಪುಟಕ್ಕಿಂತ ಆ ಮಾತಿಗೆ ಬೆಲೆ ಜಾಸ್ತಿ ಇತ್ತು. ನಿಮ್ಮ ತಮ್ಮನಿಗೆ ಓಟಿಲ್ಲ, ಸರಿ. ಅವನ ಮಗಳ ಟೀಚರಿಗೆ, ಪಕ್ಕದ ಮನೆಯವರಿಗೆ, ಜೊತೆ ಕೆಲಸ ಮಾಡುವವರಿಗೆ ಇದೆಯಲ್ಲ? ಇನ್ನೊಂದು ಮಾತು. ಯಾವ ರಾಜ್ಯಕ್ಕೆ ಎಷ್ಟು ಸೀಟು ಅಂತ ಲೆಕ್ಕ ಹಾಕುವಾಗ ಜನಗಣತಿಯಲ್ಲಿ ಅಲ್ಲಿ ವಾಸ ಇರುವ ಎಲ್ಲರನ್ನೂ ಎಣಿಸುತ್ತಾರೆ, ಓಟಿಲ್ಲದವರನ್ನೂ. ಅಂದ ಮೇಲೆ ಆ ಸದಸ್ಯರು ಅವನಿಗೂ ಪ್ರತಿನಿಧಿಯೇ.

ಫಲ ಏನು ಸಿಕ್ಕಿತು ಅಂದರೆ, 2019ರ ಜುಲೈ 10ರಂದು ದೇಶವಾರು ಮಿತಿ ತೆಗೆಯುವ ಮಸೂದೆ ಪ್ರತಿನಿಧಿ ಸಭೆಯಲ್ಲಿ 365-65ರಲ್ಲಿ ಪಾಸಾಯಿತು. ಎರಡೂ ಪಕ್ಷದವರು ಕೈ ಎತ್ತಿದ್ದರು. ಮೇಲ್ಮನೆ ಸೆನೆಟ್‌ನಲ್ಲಿ ಸರ್ವಾನುಮತದ ದಾರಿ ಹಿಡಿದಿದ್ದರಿಂದ ಒಬ್ಬರೇ ಬೇಡ ಅಂದರೂ ನಿಲ್ಲುತ್ತಿತ್ತು, ಹಾಗೆ ನಿಂತೂ ನಿಂತಿತು. ಕೊನೆಗೆ 2020ರ ಡಿಸೆಂಬರ್ 2ರಂದು ಬದಲಾವಣೆ ಮಾಡಿದ ರೂಪ ಅಲ್ಲೂ ಪಾಸಾಯಿತು. ಆದರೆ ಎರಡೂ ಮನೆಯಲ್ಲಿ ಪಾಸಾದ ಮಸೂದೆಯ ಒಕ್ಕಣೆ ಬೇರೆ ಬೇರೆ. ಅವನ್ನು ಒಂದು ಮಾಡುವಷ್ಟರಲ್ಲಿ ಆ ಸಂಸತ್ತಿನ ಅವಧಿಯೇ ಮುಗಿದು ಮಸೂದೆ ಬಿದ್ದುಹೋಯಿತು. ಬಾಯಿಗೆ ಬಂದ ತುತ್ತು ಜಾರಿತು. ಎಷ್ಟೋ ಜನ ಅಲ್ಲಿಗೇ ಕೈಬಿಟ್ಟರು. ನನಗೆ ಕೈಬಿಡಲು ಮನಸ್ಸು ಬರಲಿಲ್ಲ. ಓಟಿಲ್ಲದವರು ಕೇಳಿದ್ದು ಎರಡೂ ಮನೆ ದಾಟಿತ್ತಲ್ಲ.

ನಾವು ಮಾಡಿದ ಒಂದು ತಪ್ಪನ್ನೂ ಹೇಳಬೇಕು. ನಾವು ಕೇಳುತ್ತಿದ್ದುದು ಮಿತಿ ತೆಗೆಯಿರಿ ಅಂತ ಮಾತ್ರ. ಒಟ್ಟು ಸಂಖ್ಯೆ ಜಾಸ್ತಿ ಮಾಡಿ ಅಂತ ಅಷ್ಟೇ ಗಟ್ಟಿಯಾಗಿ ಕೇಳಲಿಲ್ಲ. ಬುಟ್ಟಿಯಲ್ಲಿ ಇರುವುದು ಅಷ್ಟೇ ರೊಟ್ಟಿ ಆದರೆ, ನಮ್ಮ ಪಾಳಿ ಗಿಡ್ಡ ಆದಷ್ಟು ಬೇರೆ ದೇಶದವರ ಪಾಳಿ ಉದ್ದ ಆಗುತ್ತದೆ. ಒಂದು ಸಭೆಯಲ್ಲಿ ಫಿಲಿಪ್ಪೀನ್ಸ್‌ನ ನರ್ಸ್ ಒಬ್ಬರು ಎದ್ದು ನಿಂತು "ನಾನು ಯಾರ ಹಿಂದೆ ನಿಲ್ಲಲಿ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮ ತಮ್ಮ ಎರಡನ್ನೂ ಸೇರಿಸಿ ಕೇಳಲಿ.

ವೀಸಾ ಕಾಗದಪತ್ರ ಇಲ್ಲದೆ ಅಲ್ಲೇ ಬೆಳೆದ ಹುಡುಗರಿಂದಲೂ ನಾನು ಕಲಿತೆ. ಅವರಿಗೆ ಕಾಯಂ ಇರಲು ದಾರಿ ಮಾಡುವ ಡ್ರೀಮ್ ಮಸೂದೆ 2001ರಿಂದ ಮತ್ತೆ ಮತ್ತೆ ಬಂದು ಬೀಳುತ್ತಿದೆ. ಗಡೀಪಾರಿನ ಭಯ ತಲೆ ಮೇಲೆ ಇದ್ದರೂ ಅವರು ಬೀದಿಗೆ ಬಂದು ತಮ್ಮ ಕತೆ ತಾವೇ ಹೇಳಿದರು. 2012ರ ಜೂನ್ 15ರಂದು ಆಗಿನ ಅಧ್ಯಕ್ಷ ಒಬಾಮಾ ಆ ಹುಡುಗರಿಗೆ ಗಡೀಪಾರಿನಿಂದ ಡಾಕಾ ಅನ್ನುವ ತಾತ್ಕಾಲಿಕ ರಕ್ಷಣೆ ಘೋಷಿಸಿದರು. ಅದು ವೀಸಾದ ಮೇಲೆ ಬಂದ ನಮ್ಮಂಥವರ ಮಕ್ಕಳಿಗೆ ಸಿಗಲಿಲ್ಲ. ಹಾಗಂತ ಆ ಹುಡುಗರ ಮೇಲೆ ಸಿಟ್ಟು ಮಾಡುವವರನ್ನು ಕಂಡರೆ ನನಗೆ ನೋವಾಗುತ್ತದೆ.

ವೀಸಾಕ್ಕೆ ತೊಂದರೆ ಆಗುತ್ತಾ ಅಂತಲೂ ಕೇಳಿದ್ದೀರಿ. ಮನವಿ ಕೊಟ್ಟಿದ್ದರಿಂದ ನಮಗೆ ಏನೂ ಆಗಲಿಲ್ಲ. ಆದರೂ ಕಾಲ ಸೂಕ್ಷ್ಮ ಇದೆ, ಒಮ್ಮೆ ವಕೀಲರನ್ನು ಕೇಳಲಿ. ಗ್ರೀನ್ ಕಾರ್ಡ್ ಇಲ್ಲದವರು ಚುನಾವಣೆಗೆ ದುಡ್ಡು ಕೊಡುವುದು ಮಾತ್ರ ಕಾನೂನಿಗೆ ವಿರುದ್ಧ. ಹತ್ತು ಡಾಲರ್ ಕೂಡ ಬೇಡ.

ನನ್ನ ಮಗ ನಾವು ಬರುವ ಮೊದಲೇ ವಿದ್ಯಾರ್ಥಿ ವೀಸಾಕ್ಕೆ ಬದಲಾಯಿಸಿಕೊಂಡು ಅಲ್ಲೇ ಉಳಿದ. ನಾಲ್ಕನೇ ವಯಸ್ಸಿನಿಂದ ಇದ್ದ ದೇಶದಲ್ಲಿ ಈಗ ಅವನು ಹೊಸದಾಗಿ ಬಂದವನ ಲೆಕ್ಕ.

ನಿಮ್ಮ ತಮ್ಮನ ಮಗಳಿಗೆ ಇನ್ನೂ ಐದು ವರ್ಷ ಇದೆ. ಈ ವಾರವೇ ಸದಸ್ಯರ ಕಚೇರಿಗೆ ಫೋನ್ ಮಾಡಲು ಹೇಳಿ. ಮೊದಲು ಮನೆಯ ಪಿನ್‌ಕೋಡ್ ಹೇಳಲಿ, ಅದನ್ನೇ ಕೇಳುತ್ತಾರೆ. ಆಮೇಲೆ ಮಗಳ ಹೆಸರು, 21 ತುಂಬುವ ತಾರೀಖು.